ಹಗ್ಗಕ್ಕೆ ಕೈ ಹಾಕಿದವನ ಪಾಲು

“ಒಳ್ಳೆಯದು ಮಾಡಲು ಹೊರಟವನ ಜೊತೆಗೆ ಜನ ಏಕೆ ಬರುವುದಿಲ್ಲ, ಗುರುಗಳೇ?”

ಶಿಷ್ಯ ಕೇಳಿದ. ಅವನ ಮೈಗೆಲ್ಲ ಕೆಸರು ಮೆತ್ತಿತ್ತು. ಊರಿನ ಕೆರೆಯಲ್ಲಿ ಹೂಳು ತುಂಬಿತ್ತು. ಅದನ್ನು ಅವನು ಒಬ್ಬನೇ ಎತ್ತುತ್ತಿದ್ದ. ಹನ್ನೆರಡು ದಿನ ಆಗಿತ್ತು. ದಂಡೆಯ ಮೇಲೆ ನಿಂತು ನೋಡಿದವರುಂಟು. ಇಳಿದವರಿಲ್ಲ.

“ನಾನು ಅವರಿಂದ ಏನನ್ನೂ ಬಯಸಲಿಲ್ಲ” ಎಂದ ಶಿಷ್ಯ. “ನಿನ್ನೆ ಒಬ್ಬ ಮುದುಕಿ ಮಜ್ಜಿಗೆ ತಂದಳು. ಅದನ್ನೂ ಮುಟ್ಟಲಿಲ್ಲ. ಆದರೂ ಯಾರೂ ಬರಲಿಲ್ಲ.”

ಗುರುಗಳು ಚಾಪೆ ತೋರಿಸಿದರು. ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಅಳಿವೆ. ಹೊಳೆ ಸಮುದ್ರಕ್ಕೆ ಸೇರುವ ಜಾಗ. ಅಲ್ಲಿ ಒಂದು ಬಂದರು. ಬಂದರಿನ ಪಕ್ಕಕ್ಕೆ ಮೀನುಗಾರರ ಒಂದು ಕೇರಿ.

ಬಂದರು ಬೆಳೆಯತೊಡಗಿತು. ದೊಡ್ಡ ಹಡಗುಗಳು ಬರಲೆಂದು ಅಳಿವೆಯ ಹೂಳು ತೆಗೆದರು. ನೀರು ಆಳವಾಯಿತು. ಆಳವಾದ ನೀರು ದಂಡೆಯನ್ನು ತಿನ್ನತೊಡಗಿತು. ಮಳೆಗಾಲ ಬಂದಾಗಲೆಲ್ಲ ಒಂದಿಷ್ಟು ನೆಲ ಕುಸಿಯಿತು. ಕೇರಿಯ ಬಾವಿಗಳು ಉಪ್ಪಾದವು. ಕುಸಿದ ಮಣ್ಣು ಮತ್ತೆ ಅಳಿವೆಗೇ ಬಿದ್ದು ಹಡಗಿನ ದಾರಿಯನ್ನೂ ಕಟ್ಟಿತು. ಕೇರಿಗೂ ಸುಖವಿಲ್ಲ, ಬಂದರಿಗೂ ಸುಖವಿಲ್ಲ.

ಆಗ ಬಂದರಿಗೆ ಒಬ್ಬ ಹೊಸ ಅಧಿಕಾರಿ ಬಂದ. ಒಳ್ಳೆಯವನು. ದಂಡೆಯನ್ನು ನೋಡಿದ. ಬಾವಿಯ ನೀರು ಕುಡಿದು ನೋಡಿದ. ದಂಡೆಯುದ್ದಕ್ಕೂ ಕಾಂಡ್ಲ ಬೆಳೆಸಬೇಕು ಎಂದು ನಿಶ್ಚಯಿಸಿದ. ಕಾಂಡ್ಲ ಎಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮರ. ಅದರ ಬೇರು ಹತ್ತು ಕಡೆ ಕಾಲೂರಿ ಮಣ್ಣು ಹಿಡಿಯುತ್ತದೆ. ಬೇರಿನ ಸಂದಿಯಲ್ಲಿ ಮೀನಿನ ಮರಿಗಳು ಬೆಳೆಯುತ್ತವೆ.

ಮೇಲಿನವರು ಒಪ್ಪಿದರು. “ಮೂರು ಮಳೆಗಾಲ ಕಾಯುತ್ತೇವೆ” ಎಂದರು. “ಅಷ್ಟರೊಳಗೆ ಗಿಡ ಹಿಡಿಯದಿದ್ದರೆ ಕಲ್ಲಿನ ಗೋಡೆ ಕಟ್ಟುತ್ತೇವೆ.”

ಗೋಡೆ ಬಂದರೆ ಕೇರಿಯ ದೋಣಿಗಳಿಗೆ ನೀರಿಗಿಳಿಯುವ ದಾರಿ ಇಲ್ಲ. ಹೆಂಗಸರಿಗೆ ಚಿಪ್ಪುಮೀನು ಹೆಕ್ಕುವ ಕೆಸರಿಲ್ಲ. ಕೇರಿಯೇ ಜಾಗ ಬಿಟ್ಟು ಏಳಬೇಕು. ಇದು ಅಧಿಕಾರಿಗೂ ಗೊತ್ತಿತ್ತು, ಕೇರಿಗೂ ಗೊತ್ತಿತ್ತು.

ಈ ಅಧಿಕಾರಿಗೆ ಒಂದು ವ್ರತವಿತ್ತು. ಕೈ ಶುದ್ಧವಾಗಿರಬೇಕು. ಯಾರಿಂದಲೂ ಒಂದು ಎಳನೀರನ್ನೂ ತೆಗೆದುಕೊಳ್ಳಬಾರದು. ಅದನ್ನು ಅವನು ತಪ್ಪದೆ ನಡೆಸಿಕೊಂಡು ಬಂದಿದ್ದ.

ಅವನು ಬಂದ ಹೊಸತು. ಮಳೆಗಾಲ ಆಗಷ್ಟೇ ಮುಗಿದಿತ್ತು. ಬೆಳಿಗ್ಗೆ ದಂಡೆ ನೋಡಲು ಹೋಗಿದ್ದ. ಕೇರಿಯವರು ರಂಪಣಿ ಎಳೆಯುತ್ತಿದ್ದರು. ರಂಪಣಿ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಸುತ್ತ ಬಿಡುತ್ತಾರೆ. ಆಮೇಲೆ ಎರಡು ತುದಿಯ ಹಗ್ಗ ಹಿಡಿದು ದಡದಿಂದ ಎಳೆಯುತ್ತಾರೆ. ಇಡೀ ಕೇರಿ ಎಳೆಯಬೇಕು. ಅಂದು ಅಲೆ ಜೋರಿತ್ತು. ಹಗ್ಗ ಹಿಂದಕ್ಕೆ ಜಾರಿತು. ಪಕ್ಕದಲ್ಲಿ ನಿಂತಿದ್ದ ಅಧಿಕಾರಿ ತನಗರಿವಿಲ್ಲದೆ ಕೈ ಹಾಕಿದ. ನಾಲ್ಕು ಹೆಜ್ಜೆ ಎಳೆದ. ಹಗ್ಗ ನಿಂತಿತು. ಅವನು ಕೈ ಒರೆಸಿಕೊಂಡು ಬಂದರಿಗೆ ಹೋದ. ಎಳೆದದ್ದು ಮರೆತೂ ಹೋಯಿತು.

ಅವನು ಮರೆತ. ಹಗ್ಗ ಮರೆಯಲಿಲ್ಲ. ಆ ದಂಡೆಯಲ್ಲಿ ಒಂದು ಕಟ್ಟಳೆ ಇತ್ತು. ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು. ಅವನು ನಂಟನೇ, ದಾರಿಹೋಕನೇ, ಯಾರೂ ಕೇಳುವುದಿಲ್ಲ. ಪಾಲು ಕೊಡದೆ ಬಲೆ ಮಡಚುವುದಿಲ್ಲ.

ರಂಪಣಿಯ ಯಜಮಾನ ಒಬ್ಬ ಮುದುಕ. ಅವನ ಹೆಂಡತಿ ಅಧಿಕಾರಿಯ ಪಾಲನ್ನು ಬುಟ್ಟಿಗೆ ಹಾಕಿಕೊಂಡು ಹೊರಟಳು. ಮಟಮಟ ಮಧ್ಯಾಹ್ನ. ಕಾಲಡಿಯ ಹೊಯಿಗೆ, ಅಂದರೆ ದಂಡೆಯ ಮರಳು, ಸುಡುತ್ತಿತ್ತು. ದಂಡೆ ಹಿಡಿದು ಅಷ್ಟು ದೂರ ನಡೆದು ಅಧಿಕಾರಿಯ ಮನೆ ಬಾಗಿಲು ತಟ್ಟಿದಳು.

ಅಧಿಕಾರಿ ಬುಟ್ಟಿ ನೋಡಿದ. “ಇದೆಲ್ಲ ಬೇಡ ತಾಯಿ” ಎಂದ. “ನಾನು ಯಾರಿಂದಲೂ ಏನೂ ತೆಗೆದುಕೊಳ್ಳುವವನಲ್ಲ.”

“ನಾ ಕೊಡೂದಲ್ಲ ಇದು, ಒಡೆಯಾ. ನಿಮ್ದೇ.”

“ಎಲ್ಲರೂ ಹಾಗೇ ಹೇಳುತ್ತಾರೆ” ಎಂದು ಅವನು ನಕ್ಕ. ಮೆಲ್ಲಗೆ ಬಾಗಿಲು ಹಾಕಿದ. ಕೈ ಶುದ್ಧವಾಗಿ ಉಳಿಯಿತೆಂದು ಅವನಿಗೆ ಸಮಾಧಾನವಾಯಿತು.

ಅವಳು ಬುಟ್ಟಿಯನ್ನು ಮತ್ತೆ ತಲೆಗೇರಿಸಿದಳು. ಪಾಲಾದ ಮೀನು ತಿರುಗಿ ರಾಶಿಗೆ ಸೇರುವುದಿಲ್ಲ. ಒಬ್ಬರ ಪಾಲನ್ನು ಇನ್ನೊಬ್ಬರು ತಿನ್ನುವುದಿಲ್ಲ. ಅಳಿವೆಯ ಅಂಚಿಗೆ ಬಂದು ಬುಟ್ಟಿ ಬೋರಲು ಹಾಕಿದಳು. ಹದ್ದುಗಳು ಇಳಿದವು. ಇಡೀ ಕೇರಿ ನೋಡಿತು.

ಅಧಿಕಾರಿ ಕೆಲಸ ಶುರು ಮಾಡಿದ. ದೂರದ ಊರಿನಿಂದ ಆಳುಗಳನ್ನು ಕರೆಸಿದ. ಹತ್ತು ಸಾವಿರ ಸಸಿ ತರಿಸಿದ. ನೂಲು ಹಿಡಿದು ನೇರ ಸಾಲಿನಲ್ಲಿ ನೆಡಿಸಿದ. ರಸ್ತೆಯಲ್ಲಿ ಹೋಗುವವರು ನಿಂತು ನೋಡುವ ಹಾಗಿತ್ತು.

ಮಳೆ ಬಂತು. ಒಂದು ಸಸಿಯೂ ಉಳಿಯಲಿಲ್ಲ.

ಅವನು ಸೋಲುವವನಲ್ಲ. ಮತ್ತೆ ಹತ್ತು ಸಾವಿರ ತರಿಸಿದ. ಮೊದಲು ಕೇರಿಯವರನ್ನು ಕೇಳಿ ನೋಡೋಣ ಎಂದು ಒಂದು ಸಭೆ ಕರೆದ. ಚಪ್ಪರ ಹಾಕಿಸಿದ. ಕುರ್ಚಿ ಇಡಿಸಿದ. ಎಲ್ಲರಿಗೂ ಚಹಾ ಕೊಡಿಸಿದ. ಜನ ಬಂದರು. ಕೂತರು. ಚಹಾ ಯಾರೂ ಮುಟ್ಟಲಿಲ್ಲ. ಮುಂದೆ ಇಟ್ಟಲ್ಲೇ ಆರಿತು.

“ಗಿಡ ಏಕೆ ಹಿಡಿಯಲಿಲ್ಲ? ನಿಮಗೆ ಗೊತ್ತಿದ್ದರೆ ಹೇಳಿ” ಎಂದು ಅವನು ಕೇಳಿದ.

“ನಾವು ಉಪ್ಪುನೀರಿನವರು” ಎಂದಳು ಒಬ್ಬ ಹೆಂಗಸು. “ಓದಿದವರ ಗಿಡದ ಸಂಗತಿ ನಮಗೆ ಹೆಂಗೆ ತಿಳೀಬೇಕು?”

ಹಿಂದೆ ಕೂತವರು ಕಿಸಕ್ಕನೆ ನಕ್ಕರು. ಸಭೆ ಮುಗಿಯಿತು.

ಎರಡನೆಯ ಮಳೆಗಾಲವೂ ಬಂತು. ಎರಡನೆಯ ಹತ್ತು ಸಾವಿರವೂ ಹೋಯಿತು.

ಇನ್ನು ಉಳಿದದ್ದು ಒಂದು ಮಳೆಗಾಲ. ಗೋಡೆಯ ಕಲ್ಲುಗಳು ಲಾರಿಯಲ್ಲಿ ಬಂದು ರಸ್ತೆಯ ಪಕ್ಕ ಬೀಳತೊಡಗಿದವು. ಅಧಿಕಾರಿಗೆ ಊಟ ಸೇರಲಿಲ್ಲ. ಒಂದು ಬೆಳಿಗ್ಗೆ ದಂಡೆಗೆ ಹೋದ. ಕೇರಿಯವರು ರಂಪಣಿ ಎಳೆಯುತ್ತಿದ್ದರು. ಯಜಮಾನ ಮುದುಕ ಹಗ್ಗದ ಕೊನೆಯಲ್ಲಿ ಕೂತು ಬಂದ ಹಗ್ಗವನ್ನು ಸುತ್ತಿಡುತ್ತಿದ್ದ. ಅಧಿಕಾರಿ ಅವನ ಪಕ್ಕ ಹೊಯಿಗೆಯ ಮೇಲೆ ಕೂತ.

“ಅಜ್ಜ, ನಾನು ಮಾಡಿದ ತಪ್ಪಾದರೂ ಏನು?”

ಮುದುಕ ಹಗ್ಗ ಸುತ್ತುತ್ತಲೇ ಹೇಳಿದ. “ನೀವು ಹಗ್ಗಕ್ಕೆ ಕೈ ಹಾಕಿದಿರಿ. ಪಾಲು ಬಂತು. ಪಾಲನ್ನು ತಿರುಗಿ ಕಳಿಸಿದಿರಿ. ಪಾಲು ಬೇಡ ಅಂದವನು ಹಗ್ಗದವನಲ್ಲ. ಹಗ್ಗದವನಲ್ಲದವನಿಗೆ ನೀರಿನ ಸಂಗತಿ ಹೇಳೂದಿಲ್ಲ.”

ಅಧಿಕಾರಿಗೆ ಆ ಹಗ್ಗ, ಆ ಬುಟ್ಟಿ ಎಲ್ಲ ನೆನಪಾಯಿತು. “ಅದು ನನ್ನ ಪಾಲು ಅಂತ ಗೊತ್ತಾಗಲಿಲ್ಲ” ಎಂದ. “ತಂದವರು ಯಾರು? ಅವರ ಹತ್ತಿರ ತಪ್ಪಾಯಿತು ಅನ್ನುತ್ತೇನೆ.”

“ನನ್ನ ಹೆಂಡತಿ. ಅದರ ಮುಂದಿನ ಮಳೆಗಾಲಕ್ಕೇ ತೀರಿಹೋದಳು.”

ಹಗ್ಗ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

“ಹಾಗಾದರೆ ಇನ್ನು ಯಾರಿಗೆ ಹೇಳಲಿ, ಅಜ್ಜ?”

“ಹಗ್ಗ ಇಲ್ಲೇ ಉಂಟಲ್ಲ” ಎಂದ ಮುದುಕ.

ಅಧಿಕಾರಿ ಎದ್ದ. ಬೂಟು ಬಿಚ್ಚಿ ಬದಿಗಿಟ್ಟ. ಪ್ಯಾಂಟು ಮೊಣಕಾಲಿಗೆ ಮಡಚಿದ. ಸಾಲಿನ ಕೊನೆಗೆ ಹೋಗಿ ಹಗ್ಗ ಹಿಡಿದ. ಈ ಸಲ ನಾಲ್ಕು ಹೆಜ್ಜೆಗೆ ಬಿಡಲಿಲ್ಲ. ಅಂಗೈ ಸುಲಿಯಿತು. ಎರಡು ಸಲ ಮುಗ್ಗರಿಸಿ ಬಿದ್ದ.

“ಸಾಯೇಬ್ರು ಹಗ್ಗ ಎಳೆಯೂದೋ, ಹಗ್ಗವೇ ಸಾಯೇಬ್ರನ್ನ ಎಳೆಯೂದೋ?” ಎಂದಳು ಅಂದು ಸಭೆಯಲ್ಲಿ ಮಾತಾಡಿದ್ದ ಹೆಂಗಸು. ಸಾಲಿಗೆ ಸಾಲೇ ನಕ್ಕಿತು. ಅಧಿಕಾರಿಯೂ ನಕ್ಕ.

ಬಲೆ ದಡಕ್ಕೆ ಬಂತು. ಪಾಲು ಹಾಕಿದರು. ಅವನು ಸೇರಿದ್ದು ತಡವಾಗಿ. ಅವನ ಪಾಲಿಗೆ ನಾಲ್ಕು ಬಂಗಡೆ. ಹೊಯಿಗೆಯ ಮೇಲೆ ಇಟ್ಟರು. ಅವನು ಸುತ್ತ ನೋಡಿದ.

“ಈ ಸಲ ಹೊತ್ತು ತರುವವಳಿಲ್ಲ” ಎಂದ ಮುದುಕ.

ಅಧಿಕಾರಿ ಕರವಸ್ತ್ರ ಬಿಚ್ಚಿ ನಾಲ್ಕು ಬಂಗಡೆಯನ್ನು ಅದರಲ್ಲಿ ಕಟ್ಟಿಕೊಂಡ. ಆ ದಂಡೆ ಹಿಡಿದೇ ನಡೆದ. ಬಿಸಿಲೇರಿತ್ತು. ಮೀನಿನ ನೀರು ಅಂಗಿಗೆ ಇಳಿಯಿತು. ಬಂದರಿನ ಕೆಲಸಗಾರರು ಒಬ್ಬರಿಗೊಬ್ಬರು ತೋರಿಸಿ ನಕ್ಕರು. ಅವನು ಹೆಜ್ಜೆ ಬೇಗ ಹಾಕಲಿಲ್ಲ. ಅವಳು ಹೋಗಿ ಬಂದ ದಾರಿ ಎಷ್ಟೆಂದು ಅವನ ಕಾಲಿಗೆ ಅಂದು ತಿಳಿಯಿತು. ಅವನದು ಒಂದೇ ಸಲದ ನಡೆ. ಅವಳದು ಎರಡು ಸಲದ್ದು.

ಮನೆಯಲ್ಲಿ ಅವನೊಬ್ಬನೇ. ಅಡುಗೆ ಬರುತ್ತಿರಲಿಲ್ಲ. ಮೀನನ್ನು ಒಲೆಯ ಮೇಲಿಟ್ಟ. ಒಂದು ಬದಿ ಕರಟಿತು. ಇನ್ನೊಂದು ಬದಿ ಹಸಿಯಾಗೇ ಉಳಿಯಿತು. ಆದರೂ ನಾಲ್ಕನ್ನೂ ತಿಂದ.

ಮರುದಿನ ನೀರು ಇಳಿದ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಏಳು ಹೆಂಗಸರು ನಿಂತಿದ್ದರು.

“ಬಂಗಡೆ ಕರಟಿದ ವಾಸನೆ ಕೇರಿವರೆಗೂ ಬಂತು” ಎಂದಳು ಅದೇ ಹೆಂಗಸು. “ತಿಂದಿದ್ದಾರೆ ಅಂತ ಗೊತ್ತಾಯ್ತು. ಬೂಟು ಅಲ್ಲೇ ಇರಲಿ. ಬನ್ನಿ.”

ಅವನನ್ನು ಅಳಿವೆಯ ಅಂಚಿಗೆ ಕರೆದುಕೊಂಡು ಹೋದರು. ಅಲ್ಲಿ ನಾಲ್ಕು ಕಾಂಡ್ಲ ಗಿಡಗಳಿದ್ದವು. ಸೊಂಟದೆತ್ತರ. ಬೇರು ಇಳಿಬಿಟ್ಟು, ಕಾಲು ಅಗಲಿಸಿ ನಿಂತಿದ್ದವು. ಅವನ ಇಪ್ಪತ್ತು ಸಾವಿರ ಹೋದ ಎರಡು ಮಳೆಗಾಲವನ್ನು ಅವು ದಾಟಿದ್ದವು.

“ಇವನ್ನು ನೆಟ್ಟವರು ಯಾರು?” ಎಂದು ಅವನು ಕೇಳಿದ.

“ಯಾರೂ ನೆಡಲಿಲ್ಲ. ನೀವು ಕಾಂಡ್ಲ ಹಾಕುತ್ತೀರಿ ಅಂತ ಅಜ್ಜಿಗೆ ಗೊತ್ತಿತ್ತು. ಮರದಲ್ಲೇ ಮೊಳೆತ ನಾಲ್ಕು ಬೀಜದ ಕೋಡು ಆರಿಸಿ ನಿಮ್ಮ ಮೀನಿನ ಜೊತೆ ಬುಟ್ಟಿಯಲ್ಲಿ ಇಟ್ಟಿದ್ದಳು. ಎಲ್ಲಿ ಹಾಕಬೇಕು ಅಂತ ಹೇಳಿಯೇ ಬರುತ್ತೇನೆ ಅಂದಿದ್ದಳು. ಬುಟ್ಟಿ ಬೋರಲು ಹಾಕಿದಾಗ ಮೀನು ಹದ್ದಿಗೆ ಹೋಯ್ತು. ಕೋಡು ಇಲ್ಲಿ ಹುಗಿದುಕೊಂಡವು.” ಅವಳು ಒಂದು ಗಿಡದ ಎಲೆ ಮುಟ್ಟಿದಳು. “ಇವು ನಿಮ್ಮ ಪಾಲು, ಸಾಯೇಬ್ರೆ.”

ಅಧಿಕಾರಿ ಆ ಕೆಸರಿನಲ್ಲಿ ಕೈ ಮುಗಿದು ನಿಂತ.

ಆಮೇಲೆ ಅವರು ಅವನನ್ನು ಕೆಸರಿನಲ್ಲಿ ನಡೆಸಿದರು. ಅವನ ಸಾಲುಗಳಿದ್ದ ಜಾಗದಲ್ಲಿ ಮೊಣಕಾಲು ಹೂತಿತು. ನಾಲ್ಕು ಗಿಡಗಳಿದ್ದ ಜಾಗದಲ್ಲಿ ಹಿಮ್ಮಡಿ ಮಾತ್ರ ಹೂತಿತು. ಹಿಮ್ಮಡಿ ಮುಳುಗಿದಲ್ಲಿ ನೆಡು, ಮೊಣಕಾಲು ಮುಳುಗಿದಲ್ಲಿ ಬಿಡು. ಇದು ಆ ಅಜ್ಜಿಯ ಮಾತು. ಕೇರಿಯ ಹೆಂಗಸರಿಗೆಲ್ಲ ಅದು ಬಾಯಿಪಾಠ. ಅವನ ಕಾಗದಗಳಲ್ಲಿ ಎಲ್ಲಿಯೂ ಇರಲಿಲ್ಲ.

ಹೊಳೆಯ ಮೇಲ್ಗಡೆ ಹಳೆಯ ಕಾಂಡ್ಲಗಳಿದ್ದವು. ಕೋಡು ಇನ್ನೂ ಪೂರ್ತಿ ಉದುರಿರಲಿಲ್ಲ. ಕೇರಿಯವರು ದೋಣಿ ತುಂಬಾ ತಂದರು. ಹೆಂಗಸರು ಕಾಲಲ್ಲಿ ಜಾಗ ನೋಡಿ ನೆಟ್ಟರು. ದೋಣಿಗೆ ದಾರಿ ಬಿಟ್ಟರು, ಚಿಪ್ಪಿಗೆ ಜಾಗ ಬಿಟ್ಟರು. ಸಾಲು ನೇರವಾಗಿರಲಿಲ್ಲ. ಅಧಿಕಾರಿ ಕೋಡು ಎತ್ತಿ ಕೊಟ್ಟ. ಮಧ್ಯಾಹ್ನ ಅವರ ಗಂಜಿ ಉಂಡ. ಅವನು ತರಿಸಿದ ಚಹಾವನ್ನು ಅವರು ಕುಡಿದರು.

ಮೂರನೆಯ ಮಳೆಗಾಲ ಬಂತು, ಹೋಯಿತು. ಕೆಲವು ಹೋದವು. ಹೆಚ್ಚಿನವು ನಿಂತವು. ರಸ್ತೆಯ ಪಕ್ಕದ ಕಲ್ಲುಗಳನ್ನು ಬಂದರಿನಲ್ಲಿ ಹಡಗು ನಿಲ್ಲುವ ಹೊಸ ಧಕ್ಕೆಗೆ ಒಯ್ದರು. ಆಮೇಲೆ ಅಳಿವೆಯ ಹೂಳನ್ನು ಎಲ್ಲಿ ಹಾಕಬೇಕೆಂದು ಕೇರಿಯವರನ್ನು ಕೇಳಿಯೇ ಹಾಕಿದರು. ವರ್ಷಗಳು ಕಳೆದವು. ದಂಡೆ ನಿಂತಿತು. ಬಾವಿಯ ಉಪ್ಪು ಮೆಲ್ಲಗೆ ಇಳಿಯಿತು. ದೊಡ್ಡ ಹಡಗುಗಳು ಬಂದವು. ಕೇರಿಯ ಎಷ್ಟೋ ಜನರಿಗೆ ಧಕ್ಕೆಯಲ್ಲಿ ಕೆಲಸವಾಯಿತು. ರಂಪಣಿಯ ದಿನ ಮಾತ್ರ ಅವರು ಹಗ್ಗಕ್ಕೇ ಬರುತ್ತಿದ್ದರು. ಬಂದರಿನವರು ಅದಕ್ಕೆ ತಕರಾರು ಮಾಡಲಿಲ್ಲ.

ಮುದುಕ ಸಂಜೆ ಹೊತ್ತು ಅಳಿವೆಯ ಅಂಚಿನಲ್ಲಿ ಬಂದು ಕೂರುತ್ತಿದ್ದ. ಕಾಂಡ್ಲದ ಮೇಲೆ ಬೆಳ್ಳಕ್ಕಿ ಇಳಿಯುತ್ತಿದ್ದವು. ಒಂದು ದಿನ ಅಧಿಕಾರಿಯೂ ಪಕ್ಕ ಕೂತಿದ್ದ.

“ಸಾಲೆಲ್ಲ ಸೊಟ್ಟ” ಎಂದ ಮುದುಕ. “ಅವಳ ರಂಗೋಲಿಯೂ ಹೀಗೇ ಇತ್ತು.”

ಇಬ್ಬರೂ ನೋಡುತ್ತ ಕೂತರು. ನೀರು ಏರಿತು. ಬೇರುಗಳ ಸಂದಿಯಲ್ಲಿ ಮೀನಿನ ಮರಿಗಳು ಆಡಿದವು.

ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ತನ್ನ ಜಾಗಕ್ಕೆ ಬಂದವನಿಗೆ ಅವನು ಕಾಗದಗಳನ್ನೆಲ್ಲ ಒಪ್ಪಿಸಿದ. ಕೊನೆಗೆ ಒಂದು ಮಾತು ಹೇಳಿದ. “ಯಾರಾದರೂ ಬುಟ್ಟಿ ಹೊತ್ತು ಬಂದರೆ, ಇದು ಏನಕ್ಕೆ ಎಂದು ಮೊದಲು ಕೇಳು. ಬಾಗಿಲು ಆಮೇಲೆ ಹಾಕಬಹುದು.”

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೈಯ ಕೆಸರನ್ನು ಉಜ್ಜಿಕೊಳ್ಳುತ್ತ ಹೇಳಿದ. “ತಿಳಿಯಿತು, ಗುರುಗಳೇ. ಆ ಅಧಿಕಾರಿ ಒಳ್ಳೆಯವನೇ. ಕೊಡುವುದು ಗೊತ್ತಿತ್ತು. ಪಡೆಯುವುದು ಗೊತ್ತಿರಲಿಲ್ಲ.”

ಗುರುಗಳು ಕೇಳಿದರು. “ನಿನ್ನೆ ಆ ಮುದುಕಿ ಮಜ್ಜಿಗೆಯನ್ನು ಎಷ್ಟು ದೂರ ತಿರುಗಿ ಹೊತ್ತುಕೊಂಡು ಹೋದಳು?”

ಶಿಷ್ಯ ಎದ್ದು ಆ ಮುದುಕಿಯ ಮನೆ ಹುಡುಕಿಕೊಂಡು ಹೊರಟ.