ಬುರುಜಿಗೆ ಬಂದ ಹೊಸ ಕಲ್ಲು

ಸ್ಪೇನ್ ದೇಶದ ಗುಡ್ಡವೊಂದರ ಮೇಲೆ ಸಾವಿರ ವರ್ಷದ ಕೋಟೆಯಿತ್ತು. ಕುಸಿದಿದ್ದ ಅದರ ಬುರುಜನ್ನು ದುರಸ್ತಿ ಮಾಡುವಾಗ ಕಲ್ಲುಕುಟಿಗರು ಹಳೆಯ ಕಲ್ಲೊಂದರ ಪಕ್ಕದಲ್ಲಿ ಹೊಸ ಕಲ್ಲನ್ನು ಕೂರಿಸಿದರು. ಹಳೆಯ ಕಲ್ಲಿಗೆ ಮೈಯೆಲ್ಲ ಉರಿಯಿತು.

“ನಾನು ಮುತ್ತಿಗೆಗಳನ್ನು ಕಂಡವನು. ನಿನ್ನೆ ಗಣಿಯಿಂದ ಬಂದವನಿಗೆ ಹೆಗಲು ಕೊಡಲಾರೆ,” ಎಂದಿತು.

“ಹಿರಿಯರೇ, ನಾಳೆ ಕೋಟೆ ನೋಡಲು ಜನ ಬರುತ್ತಾರೆ. ನೀವು ಒತ್ತಿ ನಿಲ್ಲದಿದ್ದರೆ ಮೆಟ್ಟಿಲಿನ ಭಾರವನ್ನು ನಾನೊಬ್ಬನೇ ಹೊರಲಾರೆ,” ಎಂದಿತು ಹೊಸ ಕಲ್ಲು.

“ಬೀಳುವವನು ನೀನು, ನಾನಲ್ಲ.”

ಆಗ ತಳದಿಂದ ಬುನಾದಿಯ ಕಲ್ಲು ಹಳೆಯ ಕಲ್ಲಿಗೆ ಹೇಳಿತು: “ತಮ್ಮಾ, ಈ ಕೋಟೆಯನ್ನು ಮೊದಲು ಕಟ್ಟಿದವರು ಅರಬ್ಬರು. ಕ್ರೈಸ್ತ ರಾಜ ಗೋಡೆ ಒಡೆದು ಗೆದ್ದ. ಒಡೆದ ಜಾಗ ಮುಚ್ಚಲು ನಿನ್ನನ್ನು ತಂದ. ‘ಶತ್ರುವಿನ ಕಲ್ಲಿಗೆ ಹೆಗಲು ಕೊಡೆ’ ಎಂದು ಆಗ ನಿನ್ನ ಪಕ್ಕದಲ್ಲಿದ್ದ ಅರಬ್ಬರ ಕಾಲದ ಕಲ್ಲು ಹಟ ಹಿಡಿದಿತ್ತು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಕೊಟ್ಟಿತು. ಅದು ಕೊಟ್ಟಿದ್ದಕ್ಕೇ ನೀನು ಇವತ್ತು ಹಳಬ.”

ತಾನೂ ಒಮ್ಮೆ ಹೊಸಬನಾಗಿದ್ದುದು ಹಳೆಯ ಕಲ್ಲಿಗೆ ಮರೆತೇ ಹೋಗಿತ್ತು.

“ಇತ್ತ ಸರಿದು ಬಾ, ಮಗು,” ಎಂದಿತು ಕಡೆಗೆ. “ಇಲ್ಲಿ ಗಾಳಿ ಜೋರು.”

ಮರುದಿನ ಜನ ಮೆಟ್ಟಿಲು ಹತ್ತಿ, ಬುರುಜಿನ ತುದಿಯಲ್ಲಿ ನಿಂತು ಕಣ್ತುಂಬ ಊರು ನೋಡಿದರು.