ಸೂರ್ಯನ ಕಲೆಗೆ ಹಲ್ಲಿಯ ಸಾಕ್ಷಿ

ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ, ಸೂರ್ಯನನ್ನು ನೋಡುವ ದೂರದರ್ಶಕದ ಕೋಣೆಯಲ್ಲಿ ಒಂದು ಹಲ್ಲಿಯಿತ್ತು. ಯಾರು ಏನೇ ಹೇಳಲಿ, ಅದು ಲೊಚಗುಟ್ಟುತ್ತಿತ್ತು. ‘ಹಲ್ಲಿ ನುಡಿಯಿತು, ಹಾಗಾದರೆ ಸತ್ಯ’ ಎಂದು ಕೇಳಿದವರು ತಲೆಯಾಡಿಸುತ್ತಿದ್ದರು. ಸತ್ಯವೆಂಬುದು ತನ್ನ ನಾಲಿಗೆಯ ತುದಿಯಲ್ಲೇ ಇದೆಯೆಂದು ಹಲ್ಲಿಗೆ ಭಾರಿ ಜಂಬ.

ವಿಜ್ಞಾನಿ ಇಂದುಮತಿಯವರು ದಿನಾ ಬೆಳಿಗ್ಗೆ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಅದರಲ್ಲಿ ಕಂಡ ಕಪ್ಪು ಕಲೆಗಳನ್ನು ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. ಒಂದು ದಿನ ಅವರು ಹೌಹಾರಿದರು.

"ಅಬ್ಬಾ, ಎಂಥ ದೊಡ್ಡ ಕಲೆ! ನಿನ್ನೆ ಇರಲೇ ಇಲ್ಲ. ಪತ್ರಿಕೆಯವರಿಗೆ ಹೇಳಿಬಿಡಲೇ?"

ಹಲ್ಲಿ ಲೊಚಗುಟ್ಟಿತು.

"ನೀನು ಅದನ್ನು ನೋಡಿದೆಯಾ?" ಎಂದು ದೂರದರ್ಶಕ ಕೇಳಿತು.

"ನಾನೇಕೆ ನೋಡಬೇಕು? ನುಡಿದರೆ ಸಾಕು, ಜನ ನಂಬುತ್ತಾರೆ. ನೋಡಿದ್ದನ್ನೇ ನೋಡುವ ಕರ್ಮ ನಿನ್ನದು."

"ಸೂರ್ಯ ತನ್ನ ಸುತ್ತ ತಾನು ತಿರುಗುತ್ತಾನೆ. ಕಲೆ ಅವನದೇ ಆದರೆ ನಾಳೆ ಕೊಂಚ ಸರಿದಿರಬೇಕು. ತಾಳು."

ಇಂದುಮತಿಯವರಿಗೂ ಅದೇ ಅನ್ನಿಸಿತೋ ಏನೋ, ಎತ್ತಿದ ಫೋನನ್ನು ಕೆಳಗಿಟ್ಟರು.

ಮರುದಿನ ಉಳಿದ ಕಲೆಗಳೆಲ್ಲ ಸರಿದಿದ್ದವು. ದೊಡ್ಡದು ಮಾತ್ರ ಕೂತಲ್ಲೇ ಕೂತಿತ್ತು. ಇಂದುಮತಿಯವರು ಹುಬ್ಬು ಗಂಟಿಕ್ಕಿ, ದೂರದರ್ಶಕದ ಹಿಂಬದಿಯ ಗಾಜನ್ನು ಬಿಚ್ಚಿ ಬಟ್ಟೆಯಿಂದ ಒರೆಸಿದರು. ಸೂರ್ಯನ ಕಲೆ ಬಟ್ಟೆಗೆ ಬಂತು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದರು.

"ಥೂ! ಇದು ಹಲ್ಲಿ ಹಿಕ್ಕೆ!"

ಆ ಕೋಣೆಯಲ್ಲಿ ಅಷ್ಟು ಸತ್ಯವಾದ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಹಲ್ಲಿ ಮಾತ್ರ ಲೊಚಗುಟ್ಟಲಿಲ್ಲ.