ಪಾಮರ ಅಂದ್ರ ಯಾರು?

ಹೊಳೆಯ ದಂಡೆಯ ಮೇಲೆ ಮರುಳಯ್ಯಜ್ಜನ ಮಠ. ಮಠ ಅಂದರೆ ದೊಡ್ಡ ಕಟ್ಟಡವೇನಲ್ಲ. ನಾಲ್ಕು ಕಂಬ, ಮೇಲೊಂದು ಚಪ್ಪರ, ಅಷ್ಟೇ. ಸಂಜೆಯಾದರೆ ಅಲ್ಲಿ ಪ್ರವಚನ.

ಅಜ್ಜ ಹಳೆಯ ಶ್ಲೋಕ ಹೇಳುತ್ತಿದ್ದರು. ಶಿಷ್ಯ ಅಡಿವೆಪ್ಪ ಎದ್ದು ನಿಂತು ಅದರ ಅರ್ಥ ಬಿಡಿಸುತ್ತಿದ್ದ.

ಮಾತು ಬಲ್ಲವರಿಗೆ ಏನಾದರೊಂದು ಚಟ ಇರುತ್ತದೆ ನೋಡಿ. ಅಡಿವೆಪ್ಪನಿಗೂ ಇತ್ತು. ಅರ್ಥ ಹೇಳುವ ಮೊದಲು ಗಂಟಲು ಸರಿಮಾಡಿಕೊಂಡು, "ಪಾಮರರಿಗೂ ತಿಳಿಯುವಂತೆ ಹೇಳುವುದಾದರೆ..." ಅನ್ನುತ್ತಿದ್ದ. ಹಾಗೆ ಅಂದು ಹಿಂದೆ ಕೂತವರ ಕಡೆ ಕೈ ತೋರಿಸುತ್ತಿದ್ದ.

ಹಿಂದೆ ಕೂರುತ್ತಿದ್ದವರು ಸುಣ್ಣ ಸುಡುವವರು, ಕಲ್ಲು ಒಡೆಯುವವರು, ಬುಟ್ಟಿ ಹೆಣೆಯುವವರು.

ಒಂದು ಸಂಜೆ ಸುಣ್ಣದ ಭಟ್ಟಿಯ ಬಾಳವ್ವ ಎದ್ದು ನಿಂತಳು.

"ಸ್ವಾಮಿ, ದಿನಾ ಅಂತೀರಿ. ಪಾಮರ ಅಂದ್ರ ಯಾರ್ರಿ?"

ಅಡಿವೆಪ್ಪ ತಬ್ಬಿಬ್ಬಾದ. "ಕುಂಡ್ರವ್ವ, ಆಮ್ಯಾಲ ಹೇಳ್ತೀನಿ."

"ಆಮ್ಯಾಲ ಯಾಕ? ಕೈ ನಮ್ಮ ಕಡೆ ಮಾಡೀರಿ, ಅರ್ಥಾನೂ ನಮ್ಮ ಮುಂದನ ಹೇಳ್ರಿ. ಹೇಳೂತನಕ ನಾವು ಈ ಚಪ್ಪರದಾಗ ಕಾಲಿಡೂದಿಲ್ಲ."

ಅಂದವಳೇ ಹೊರಟಳು. ಆಕೆಯ ಹಿಂದೆ ಅರ್ಧ ಸಭೆ ಎದ್ದು ಹೋಯಿತು.

ಅಡಿವೆಪ್ಪನಿಗೆ ಮೈಯೆಲ್ಲ ಉರಿಯಿತು. ಹುಣ್ಣಿಮೆಗೆ ಆ ಸೀಮೆಯ ಒಡೆಯರಾದ ದೇಸಾಯರು ಬರುವವರಿದ್ದರು. ಪ್ರವಚನ ಮೆಚ್ಚಿಗೆಯಾದರೆ ತಮ್ಮ ಅರಮನೆಯಂಥ ವಾಡೆಯಲ್ಲಿ ಅವನನ್ನು ಪಂಡಿತನನ್ನಾಗಿ ಇಟ್ಟುಕೊಳ್ಳುವ ಮಾತಾಗಿತ್ತು. ಅದಕ್ಕಾಗಿ ಅವನು ಎಷ್ಟು ವರ್ಷದಿಂದ ಹಾತೊರೆದಿದ್ದ! ಅವರು ಬಂದು ಅರ್ಧ ಖಾಲಿ ಚಪ್ಪರ ನೋಡಿದರೆ ಏನು ಗತಿ?

"ಅಜ್ಜಾರ, ಆಕಿಗೆ ಏನಂತ ಹೇಳಲಿ?"

"ನಿನಗ ಅರ್ಥ ಗೊತ್ತೈತಿಲ್ಲೋ?"

"ಗೊತ್ತೈತ್ರಿ. ತಿಳಿಗೇಡಿ, ಕೀಳು ಮನಶ್ಯಾ..."

"ನನ್ನ ಮುಂದ ಯಾಕ ಹೇಳ್ತಿ? ಹೋಗಿ ಆಕಿ ಮುಂದ ಹೇಳು. ಮಾರಿ ನೋಡಿ ಹೇಳು."

ಮರುದಿನ ಅಡಿವೆಪ್ಪ ಭಟ್ಟಿಗೆ ಹೋದ. ಬಾಳವ್ವ ಬೆಂದ ಸುಣ್ಣದ ಹರಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಕೈ, ಕೂದಲು, ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ತಿಳಿಗೇಡಿ ಅನ್ನುವ ಮಾತು ಅವನ ನಾಲಿಗೆಯ ತುದಿಯವರೆಗೆ ಬಂತು, ಮುಂದೆ ಬರಲಿಲ್ಲ.

"ಪಾಮರ ಅಂದ್ರ... ಸಾಮಾನ್ಯ ಮಂದಿ ಅಂತ, ಯವ್ವಾ."

"ಅಷ್ಟ ಆಗಿದ್ರ ಸಾಮಾನ್ಯ ಮಂದಿ ಅಂತನ ಅನ್ನಬಹುದಿತ್ತಲ್ಲ? ಬ್ಯಾರೆ ಮಾತು ಯಾಕ ಬೇಕಾತು?"

ಅಡಿವೆಪ್ಪ ಬಂದ ದಾರಿ ಹಿಡಿದು ಮಠಕ್ಕೆ ಮರಳಿದ. ಆದರೆ ಸೋಲೊಪ್ಪುವ ಆಸಾಮಿಯೇ ಅವನು?

"ಅಜ್ಜಾರ, ದೊಡ್ಡ ದೊಡ್ಡ ಸಂತರು ತಮ್ಮನ್ನ ತಾವ ಪಾಮರ ಅಂದ್ಕೊಂಡಾರ. ಮತ್ತ ಆ ಮಾತಿನಾಗ ತಪ್ಪೇನೈತಿ?"

"ಹಂಗೋ? ಹಂಗಾರ ನೀನೂ ಅನಕೋ."

ಅವತ್ತಿನ ಸಂಜೆ ಬಾಳವ್ವ ಚಪ್ಪರದ ಹೊರಗೇ ನಿಂತಿದ್ದಳು. ಅಡಿವೆಪ್ಪ ಸಭೆಗೆ ಕೈಮುಗಿದು, "ಪಾಮರನಾದ ನಾನು ಏನು ಬಲ್ಲೆ!" ಅಂದ.

ಮುಂದೆ ಕೂತಿದ್ದ ಊರ ಹಿರಿಯರು ತಲೆದೂಗಿದರು. "ಆಹಾ, ಎಂಥಾ ವಿನಯ!" ಅಂದರು. ಒಬ್ಬರು ಎದ್ದು ಬಂದು ಅವನ ಕೊರಳಿಗೆ ಹಾರವನ್ನೂ ಹಾಕಿದರು.

ಬಾಳವ್ವ ಹೊರಗಿನಿಂದಲೇ ಗಟ್ಟಿಯಾಗಿ ನಕ್ಕಳು.

"ನಿಮಗ ನೀವ ಅಂದ್ಕೊಂಡ್ರ ಹಾರ. ನಮಗ ಅಂದ್ರ ಬೈಗಳ. ಛಲೋ ಐತ್ರಿ ಸ್ವಾಮಿ ನಿಮ್ಮ ಮಾತು!"

ಅಡಿವೆಪ್ಪ ಹಾರ ತೆಗೆದು ಕೆಳಗಿಟ್ಟ. ನಾಚಿಕೆಯಾಯಿತು, ಸಿಟ್ಟೂ ಬಂತು. ಆ ಸಿಟ್ಟು ಆಕೆಯ ಮೇಲಲ್ಲ, ತನ್ನ ಮೇಲೆಯೇ ಅನ್ನುವುದು ತಿಳಿಯಲು ತುಸು ಹೊತ್ತು ಹಿಡಿಯಿತು.

ಎಲ್ಲರೂ ಹೋದ ಮೇಲೆ ಅಜ್ಜನ ಹತ್ತಿರ ಬಂದು ಕೂತ.

"ಅಜ್ಜಾರ, ಈ ಮಾತು ಮೊದಲ ಎಲ್ಲಿ ಹುಟ್ಟೇತ್ರಿ?"

"ತೊಟ್ಟಿಲದಾಗಂತೂ ಅಲ್ಲ. ಯಾ ತಾಯಿನೂ ಮಗನಿಗೆ ಈ ಹೆಸರಿಟ್ಟಿಲ್ಲ."

"ಮತ್ತ ಯಾರು ಇಟ್ರು?"

ಅಜ್ಜ ಎದ್ದು ಕಾಲು ತೊಳೆಯಲು ಹೊಳೆಗೆ ಇಳಿದರು.

ಹುಣ್ಣಿಮೆಯ ದಿನ ಬೆಳಿಗ್ಗೆ ಅಡಿವೆಪ್ಪ ಮತ್ತೆ ಭಟ್ಟಿಗೆ ಹೋದ.

"ಯವ್ವಾ, ಅರ್ಥ ಹೇಳಾಕ ಬಂದಿಲ್ಲ. ಆ ಮಾತನ್ನ ಬಿಟ್ಟೀನಿ. ಇವತ್ತ ಎಲ್ಲಾರೂ ಬರ್ರಿ."

"ದೇಸಾಯರ ಮುಂದನೂ ಬಿಡ್ತೀರೇನು?"

"ನೋಡಾಕರ ಬಾ."

ಸಂಜೆ ದೇಸಾಯರು ಬಂದರು. ಅವರಿಗೆ ಗಾದಿ ಹಾಸಿದ್ದರು, ಒರಗಲು ಲೋಡು. ಹಿಂದೆ ಬಾಳವ್ವನೂ ಅವಳ ಮಂದಿಯೂ ಬಂದು ಕೂತರು. ಅಜ್ಜ ಶ್ಲೋಕ ಹೇಳಿದರು. ಅಡಿವೆಪ್ಪ ಎದ್ದು ನಿಂತ.

"ಹೂಂ, ನಡೀಲಿ," ಅಂದರು ದೇಸಾಯರು. "ಪಾಮರರಿಗೂ ತಿಳಿಯೂಹಂಗ ಹೇಳು."

"ಅಂಥವರು ಇಲ್ಲಿ ಯಾರೂ ಇಲ್ರಿ."

"ಇಲ್ಲಾ? ಹಿಂದ ಕುಂತವರು ಯಾರು ಮತ್ತ?"

"ಆಕಿ ಬಾಳವ್ವ. ಬಾಜೂಕ ದುರಗಪ್ಪ. ಕೂಸು ಎತಗೊಂಡಾಕಿ ಹುಲಿಗೆವ್ವ. ಕಂಬಕ್ಕ ಒರಗಿ ಕುಂತಾವ ಯಮನಪ್ಪ."

"ನಾ ಏನು ಹೆಸರು ಕೇಳೀನೇನೋ?"

"ಹೆಸರಿದ್ದವರನ್ನ ಹೆಸರು ಹಿಡದ ಕರೀಬೇಕ್ರಿ."

ದೇಸಾಯರ ಮುಖ ಕೆಂಪಾಯಿತು. "ಹುಡುಗಾ, ನಿನಗ ವಾಡೆ ಬೇಕೋ ಬ್ಯಾಡೋ? ಬೇಕಂದ್ರ ಆ ಮಾತು ಅಂದು ಶುರು ಮಾಡು."

ವಾಡೆಯ ದೊಡ್ಡ ಬಾಗಿಲು, ಒಳಗಿನ ಮಂದಿ ತನ್ನನ್ನು ಪಂಡಿತರೇ ಅಂತ ಕರೆಯುವುದು, ಎಲ್ಲ ಅಡಿವೆಪ್ಪನ ಕಣ್ಣ ಮುಂದೆ ಬಂತು. ಬೇಡ ಅನ್ನುವುದು ಸುಲಭವಿರಲಿಲ್ಲ ಬಿಡಿ. ಅಜ್ಜನ ಕಡೆ ನೋಡಿದ. ಅಜ್ಜ ಹೊಳೆ ನೋಡುತ್ತಿದ್ದರು.

"ವಾಡೆ ಬ್ಯಾಡ್ರಿ," ಅಂದ. "ಆ ಮಾತು ಅನ್ನೂದಿಲ್ಲ."

ಬಾಳವ್ವ ಎದ್ದಳು. ನೆಟ್ಟಗೆ ಮುಂದೆ ಬಂದು ದೇಸಾಯರ ಗಾದಿಯ ಮಗ್ಗುಲಿಗೆ, ಅಜ್ಜನ ಚಾಪೆಯ ಅಂಚಿನ ಮೇಲೆ ಕೂತಳು. ಹುಲಿಗೆವ್ವ ಕೂಸನ್ನು ಎತ್ತಿಕೊಂಡು ಬಂದಳು. ದುರಗಪ್ಪ ಬಂದ. ಒಬ್ಬೊಬ್ಬರಾಗಿ ಎಲ್ಲರೂ ಮುಂದೆ ಬಂದು, ಹಿಂದೆ ಅನ್ನುವ ಜಾಗವೇ ಇಲ್ಲದಂತಾಯಿತು.

ದೇಸಾಯರು ಧಡಕ್ಕನೆ ಎದ್ದು ನಿಂತರು.

"ಅಜ್ಜಾರ! ನಿಮ್ಮ ಶಿಷ್ಯಗ ತಲಿ ಕೆಟ್ಟೈತಿ, ನೀವರ ಬುದ್ಧಿ ಹೇಳ್ರಿ. ಪಾಮರರ ಇಲ್ಲ ಅಂದ್ರ, ನಾವು ಯಾರ್ರಿ ಮತ್ತ?"

ಅಜ್ಜ ತುಸು ಸರಿದು ಬಾಳವ್ವನಿಗೆ ಇನ್ನಷ್ಟು ಜಾಗ ಮಾಡಿಕೊಟ್ಟರು. ಆಮೇಲೆ ಹೇಳಿದರು:

"ಈ ಪ್ರಶ್ನೆಗೆ ಅಂಜಿದವನ ಬಾಯಾಗನ ಆ ಮಾತು ಮೊದಲ ಹುಟ್ಟಿದ್ದು, ದೇಸಾಯರ."